ಏರ್‌ಲೈನ್ ಹೆಸರು ಬಿಡ್ರಿ, ಒಂದ್ ಸಾಲಿಗೆ ಎಷ್ಟ್ ಸೀಟು ಅಂತ ಎಣಿಸ್ರಿ

ಗಂಗಾವತಿಯಾಗ ಟಿಕೆಟ್ ಆಫೀಸ್ ಇಟ್ಕೊಂಡು ಕುಂತೋರಿಗೆ ಬರೋ ಫೋನು ಹಿಂಗಿರ್ತಾವ: "ಮಗಳ ಬಾಣಂತನಕ್ಕ ನ್ಯೂಜೆರ್ಸಿಗೆ ಹೊಂಟೀವ್ರಿ, ಈ ಸಲ ಬಿಸಿನೆಸ್ ಕ್ಲಾಸೇ ಮಾಡ್ರಿ, ಯಾವ ಏರ್‌ಲೈನ್ ಚಲೋ ಐತಿ ಅಷ್ಟ್ ಹೇಳ್ರಿ." ನಾನು ವಿಮಾನ ಯಾವ್ದು, ಹೋಗೋ ಟೈಮ್ ಯಾವ್ದು ಅಂತ ಕೇಳಾಕ ಶುರು ಮಾಡಿದ್ರ ಅವ್ರಿಗೆ ಬ್ಯಾಸರ. "ಅದೆಲ್ಲಾ ಬ್ಯಾಡ್ರಿ, ನಮ್ಮ ಅಳಿಯ ಇಂಥದ್ರಾಗ ಹೋಗಿದ್ನಂತ, ಭಾಳ ಚಲೋ ಐತಂತ, ಅದನ್ನೇ ಮಾಡ್ರಿ." ಆ ಅಳಿಯ ಯಾವ ವರ್ಷ ಹೋಗಿದ್ದ, ಯಾವ ವಿಮಾನದಾಗ ಹೋಗಿದ್ದ, ಯಾರಿಗೂ ಗೊತ್ತಿಲ್ಲ. ಆದ್ರ ಲಕ್ಷಗಟ್ಟಲೆ ರೊಕ್ಕ ಅದೊಂದ್ ಮಾತಿನ ಮ್ಯಾಲೆ ಕೊಡಾಕ ತಯಾರು. ಬತ್ತದ ರೇಟಿನಾಗ ಕ್ವಿಂಟಲ್‌ಗೆ ಇಪ್ಪತ್ ರೂಪಾಯಿ ವ್ಯತ್ಯಾಸಕ್ಕ ಅರ್ಧ ದಿನ ಜಗ್ಗಾಡೋ ಮಂದಿ ಇವ್ರು. ಅದಕ್ಕ ಬರೀಲಿಕ್ಕತ್ತೀನಿ.

ಒಂದೇ ಮಾತು ತಲ್ಯಾಗ ಇಟ್ಕೋರಿ. ಸೀಟು ಏರ್‌ಲೈನ್ ಹೆಸರಿನ ಜೋಡಿ ಬರಂಗಿಲ್ಲ, ವಿಮಾನದ ಜೋಡಿ ಬರ್ತೈತಿ. ನಮ್ಮೂರಿಂದ ಬೆಂಗಳೂರಿಗೆ ಹೋಗೋ ಸರ್ಕಾರಿ ಬಸ್ಸಿನಂಗ ಇದು, ಬೋರ್ಡ್ ಅದೇ, ಡಿಪೋ ಅದೇ, ಆದ್ರ ಸ್ಲೀಪರ್ ಬಂತೋ ಕೆಂಪು ಬಸ್ ಬಂತೋ ಅನ್ನೋದ್ರ ಮ್ಯಾಲೆ ನಿಮ್ಮ ರಾತ್ರಿ ನಿಂತಿರ್ತೈತಿ.

ಬ್ರಿಟಿಷ್ ಏರ್‌ವೇಸ್ ತಗೋರಿ, ಹೈದರಾಬಾದಿನಿಂದನೂ ಬೆಂಗಳೂರಿನಿಂದನೂ ಲಂಡನ್‌ಗೆ ಐತಿ, ಅಲ್ಲಿಂದ ಅಟ್ಲಾಂಟಿಕ್ ದಾಟ್ಲಿಕ್ಕೆ ದಿನಕ್ಕ ಎಷ್ಟೋ ವಿಮಾನ ಅದಾವ. 2000ನೇ ಇಸ್ವಿಯಾಗ ಬಿಸಿನೆಸ್ ಕ್ಲಾಸಿಗೆ ಪೂರ್ತಿ ಚಪ್ಪಟೆ ಹಾಸಿಗಿ ತಂದೋರು ಇವ್ರೇ. ಆ ಕಾಲಕ್ಕ ಅದು ದೊಡ್ಡ ಮಾತು. ಆದ್ರ ಆ ಮಾದರಿಯಾಗ ಬೋಯಿಂಗ್ 777 ವಿಮಾನದ ಒಂದ್ ಸಾಲಿಗೆ ಎಂಟು ಸೀಟು, 2-4-2, ಅಂದ್ರ ಈ ಕಿಟಕಿ ಕಡೆ ಎರಡು, ಎರಡು ದಾರಿ ನಡುವ ನಾಲ್ಕು, ಆ ಕಿಟಕಿ ಕಡೆ ಎರಡು. ಕಿಟಕಿ ಕಡೆ ಕುಂತೋರು ವಿಮಾನದ ಹಿಂದಕ್ಕ ಮುಖ ಮಾಡಿ ಕೂಡ್ಬೇಕು, ರಾತ್ರಿ ಬಾತ್‌ರೂಮಿಗೆ ಎದ್ರ ಪಕ್ಕದೋರು ಚಾಚಿದ ಕಾಲು ದಾಟ್ಕೊಂಡು ಹೋಗ್ಬೇಕು. 2019ರಾಗ ಏರ್‌ಬಸ್ ಎ350 ವಿಮಾನದ ಜೋಡಿ ಹೊಸ ಕ್ಲಬ್ ಸೂಟ್ ತಂದ್ರು, 1-2-1, ಬಾಗಿಲು ಐತಿ, ಎಲ್ಲಾರಿಗೂ ನೇರ ದಾರಿ. ಹಳೇ ವಿಮಾನಕ್ಕೆಲ್ಲಾ ಇದನ್ನ ಹಾಕೋ ಕೆಲಸ ವರ್ಷಗಟ್ಟಲೆ ನಡಕೊಂತ ಬಂದೈತಿ. ಅದ್ರಾಗ ಮತ್ತೊಂದ್ ನೋಡ್ರಿ, ವಿಮಾನ ಬೋಯಿಂಗ್ 787 ಅಂತ ಹೇಳಿದ್ರೂ ಸಾಲಂಗಿಲ್ಲ. 787-10 ಬರೋವಾಗ್ಲೇ ಹೊಸ ಸೂಟ್ ಹಾಕ್ಕೊಂಡ್ ಬಂತು, 787-8, 787-9 ಬಂದಿದ್ದು ಹಳೇ ಸೀಟಿನ ಜೋಡಿ. ಒಂದೇ ಕಂಪನಿ, ವಿಮಾನದ ಹೆಸರೂ ಮುಕ್ಕಾಲುಪಾಲು ಒಂದೇ, ಟಿಕೆಟ್ ರೇಟೂ ಹೆಚ್ಚುಕಮ್ಮಿ ಒಂದೇ ಇರಬಹುದು, ಆದ್ರ ಮಲಗೋದು ಬ್ಯಾರೆ.

ಲುಫ್ತಾನ್ಸಾದ್ದೂ ಇದೇ ಕಥಿ. ವರ್ಷಗಟ್ಟಲೆ ನಡಸ್ಕೊಂಡ್ ಬಂದಿರೋ ಸೀಟು 2-2-2, ಅದ್ರಾಗ ಪಕ್ಕಪಕ್ಕದೋರ ಕಾಲು ಒಂದೇ ಕಡೆ ಬಂದು ಕೂಡ್ತಾವ, ಗಂಡ ಹೆಂಡ್ತಿ ಆದ್ರ ಸೈ, ಗೊತ್ತಿಲ್ಲದೋರ ಪಕ್ಕ ಆದ್ರ ನಮ್ಮ ಕಡೆ ಹೆಣ್ಮಕ್ಕಳಿಗೆ ಭಾಳ ಮುಜುಗರ. 2024ರ ಮೇ ತಿಂಗಳಾಗ ಮ್ಯೂನಿಕ್‌ನಿಂದ ಅಲೆಗ್ರಿಸ್ ಅಂತ ಹೊಸದು ಶುರು ಮಾಡ್ಯಾರ, ಅದ್ರಾಗ ಒಂದೇ ಬಿಸಿನೆಸ್ ಕ್ಲಾಸಿನೊಳಗ ಹಲವು ತರದ ಸೀಟು, ಚಲೋ ಚಲೋ ಸೀಟಿಗೆ ಮ್ಯಾಲೆ ಬ್ಯಾರೆ ರೊಕ್ಕ. ಇನ್ನ ವರ್ಜಿನ್ ಅಟ್ಲಾಂಟಿಕ್, 2024ರಿಂದ ಬೆಂಗಳೂರಿಗೂ ಬರ್ತೈತಿ. ಅವ್ರ ಹಳೇ ಸೀಟು ಮಲಗಬೇಕಂದ್ರ ನೀವು ಎದ್ದು ನಿಂತು, ಬೆನ್ನಿನ ಭಾಗ ಮುಂದಕ್ಕ ಬೀಳಿಸಿ ಹಾಸಿಗಿ ಮಾಡಿಸ್ಕೊಬೇಕು. ಅಂಥ ಹಾಸಿಗಿ ಚಲೋನೇ ಇರ್ತೈತಿ, ಆದ್ರ ಮೊಣಕಾಲು ನೋವಿನ ಹಿರಿಯರಿಗೆ ಸಲ ಸಲಕ್ಕ ಏಳೋದು ತ್ರಾಸು. ಅವ್ರ ಎ350, ಎ330 ನಿಯೋದಾಗ ಹಂಗಿಲ್ಲ.

ಮತ್ತ ಹೇಳ್ತೀನಿ, ಯಾಕಂದ್ರ ಇಷ್ಟ್ ಹೇಳಿದ ಮ್ಯಾಲೂ ಆಫೀಸಿನಾಗ ಕುಂತು "ಹಂಗಾರ ಬ್ರಿಟಿಷ್ ಬ್ಯಾಡ, ಜರ್ಮನ್ ಮಾಡ್ರಿ" ಅಂತಾರ. ಅಲ್ರಿ! ಯಾವ ಕಂಪನೀನೂ ಬ್ಯಾಡ ಅಂತ ನಾ ಹೇಳ್ಲಿಲ್ಲ. ನಿಮ್ಮ ತಾರೀಖಿಗೆ, ನಿಮ್ಮ ಫ್ಲೈಟ್ ನಂಬರಿಗೆ ಹಾಕಿರೋ ವಿಮಾನದ ಸೀಟ್ ಮ್ಯಾಪ್ ತೆಗೆಸಿ ನೋಡ್ರಿ ಅಂದೆ. ಏಜೆಂಟ್ ಸ್ಕ್ರೀನಿನಾಗೂ ಬರ್ತೈತಿ, ಕಂಪನಿ ವೆಬ್‌ಸೈಟಿನಾಗೂ ಬರ್ತೈತಿ. ಒಂದ್ ಅಡ್ಡ ಸಾಲು ಬೆರಳಿಟ್ಟು ಎಣಿಸ್ರಿ. ಎರಡು ದಾರಿ ಇರೋ ದೊಡ್ಡ ವಿಮಾನದಾಗ ನಾಲ್ಕು ಬಂದ್ರ ಎಲ್ಲಾರಿಗೂ ದಾರಿ ಐತಿ. ಆರು ಬಂದ್ರ ಕಿಟಕಿಯೋರು ಪಕ್ಕದೋರನ್ನ ದಾಟ್ಬೇಕು. ಎಂಟು ಬಂದ್ರ ನನಗ ಒಂದ್ ಮಾತು ಕೇಳಿ ಆಮ್ಯಾಲೆ ರೊಕ್ಕ ಕಟ್ರಿ.

ಸಣ್ಣ ವಿಮಾನ ಅಂದ್ರ ಮಂದಿ ಹೆದರ್ತಾರ, "ಸಮುದ್ರ ದಾಟೋದ್ರಿ, ದೊಡ್ಡದೇ ಬೇಕು" ಅಂತಾರ. ಜೆಟ್‌ಬ್ಲೂ 2021ರಾಗ ನ್ಯೂಯಾರ್ಕ್–ಲಂಡನ್ ಶುರು ಮಾಡಿದ್ದು ಎ321 ಎಲ್‌ಆರ್ ಅನ್ನೋ ಒಂದೇ ದಾರಿಯ ವಿಮಾನದಾಗ, ಬಿಸಿನೆಸ್‌ನ್ಯಾಗ 24 ಸೀಟು, 1-1, ಪ್ರತಿಯೊಂದಕ್ಕೂ ಬಾಗಿಲು. ಹಳೇ ಎಂಟು ಸೀಟಿನ ಸಾಲಿನಾಗ ಹೋಗೋದಕ್ಕಿಂತ ಅದು ಎಷ್ಟೋ ಪಾಲು ನೆಮ್ಮದಿ. ಪ್ಯಾರಿಸ್–ನ್ಯೂವಾರ್ಕ್ ಹಾರೋ ಲಾ ಕಂಪನಿಯಂತೂ ಪೂರ್ತಿ ವಿಮಾನಕ್ಕ 76 ಸೀಟು, ಎಲ್ಲಾ ಬಿಸಿನೆಸ್ಸೇ, 2-2, ರೇಟೂ ಕೆಲವೊಮ್ಮಿ ಕಡಿಮಿ ಸಿಗ್ತೈತಿ. ಆದ್ರ ಅದು ಹೊರಡೋದು ಓರ್ಲಿ ಏರ್‌ಪೋರ್ಟಿನಿಂದ, ಬೆಂಗಳೂರಿನ ಏರ್ ಫ್ರಾನ್ಸ್ ಇಳಿಯೋದು ಷಾರ್ಲ್ ದ ಗಾಲ್‌ನ್ಯಾಗ, ನಡುವ ಹೊರಗ ಬಂದು ಊರು ದಾಟ್ಬೇಕು, ಅಂದ್ರ ಫ್ರಾನ್ಸಿನೊಳಗ ಕಾಲಿಡಾಕ ಷೆಂಗೆನ್ ವೀಸಾ ಬೇಕು. ಎರಡೂ ಬ್ಯಾರೆ ಬ್ಯಾರೆ ಟಿಕೆಟ್ ಆಗಿ, ಮೊದಲಿನ ವಿಮಾನ ಲೇಟಾದ್ರ ಎರಡನೇದಕ್ಕ ಯಾರೂ ಜವಾಬ್ದಾರಿ ಇಲ್ಲ. ವಯಸ್ಸಾದೋರಿಗೆ ನಾನು ಇದನ್ನ ಮಾಡ್ಕೊಡಂಗಿಲ್ಲ.

ಟಿಕೆಟ್ ಮ್ಯಾಲೆ ಸಣ್ಣ ಅಕ್ಷರದಾಗ "ಆಪರೇಟೆಡ್ ಬೈ" ಅಂತ ಒಂದ್ ಸಾಲಿರ್ತೈತಿ, ಅದನ್ನ ಓದ್ರಿ. ಅಟ್ಲಾಂಟಿಕ್ ಮ್ಯಾಲೆ ದೊಡ್ಡ ಕಂಪನಿಗಳೆಲ್ಲಾ ಗುಂಪು ಕಟ್ಕೊಂಡಾರ. ಬ್ರಿಟಿಷ್, ಅಮೆರಿಕನ್, ಐಬೀರಿಯಾ ಒಂದ್ ಗುಂಪು, ಡೆಲ್ಟಾ, ವರ್ಜಿನ್, ಏರ್ ಫ್ರಾನ್ಸ್, ಕೆಎಲ್ಎಂ ಒಂದ್ ಗುಂಪು, ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ ಮತ್ತೊಂದು. ನೀವು ಲುಫ್ತಾನ್ಸಾ ಅಂತ ಕೊಂಡ ಫ್ರಾಂಕ್‌ಫರ್ಟ್–ಷಿಕಾಗೋ ಯುನೈಟೆಡ್ ವಿಮಾನ ಇರಬಹುದು. ಅದು ಮೋಸ ಅಲ್ಲ, ಕೆಲವೊಮ್ಮಿ ಲಾಭನೇ, ಯುನೈಟೆಡ್‌ನ ಬಿಸಿನೆಸ್ ಕ್ಲಾಸಿಗೆ ಪೊಲಾರಿಸ್ ಅಂತಾರ, ಆ ಸೀಟು 1-2-1. ಆದ್ರ ಗೊತ್ತಿರ್ಬೇಕು.

ಈಗ ಟೈಮ್ ವಿಚಾರ, ಇದು ನನಗ ಭಾಳ ಮುಖ್ಯ. ನ್ಯೂಯಾರ್ಕಿನಿಂದ ಲಂಡನ್ ಕಡೆ ಬರೋವಾಗ ಮ್ಯಾಲಿನ ಜೆಟ್ ಸ್ಟ್ರೀಮ್ ಗಾಳಿ ಹಿಂದಿಂದ ನೂಕ್ತೈತಿ, ಏಳು ತಾಸಿನೊಳಗ ಮುಟ್ಟತಾರ. 2020ರ ಫೆಬ್ರವರಿಯಾಗ ಬಿರುಗಾಳಿ ಇದ್ದಾಗ ಒಂದು 747 ಬರೇ 4 ತಾಸು 56 ನಿಮಿಷದಾಗ ಬಂದಿತ್ತು. ಬರೋ ವಿಮಾನ ಹೆಚ್ಚಿನವು ರಾತ್ರಿ ಹೊರಡ್ತಾವ. ಹೊರಟ ಮ್ಯಾಲೆ ಊಟ ಮುಗಿಯೋದಕ್ಕ ಒಂದೂವರೆ ತಾಸು, ಇಳಿಯೋಕ್ಕಿಂತ ಒಂದ್ ತಾಸು ಮೊದಲ ಲೈಟ್ ಹಾಕಿ ನಾಷ್ಟಾ. ನಿಮಗ ಉಳಿಯೋ ನಿದ್ದಿ ನಾಲ್ಕು ತಾಸು ಆದ್ರ ಪುಣ್ಯ. ಅಲ್ಲಿ ಚಪ್ಪಟೆ ಹಾಸಿಗಿ ಬೇಕೇ ಬೇಕು, ಲಾಂಜಿನಾಗ ಊಟ ಮುಗಿಸ್ಕೊಂಡು ಹತ್ತಿ ಸೀದಾ ಮಲಗ್ರಿ ಅಂತ ನಾ ಎಲ್ಲಾರಿಗೂ ಹೇಳ್ತೀನಿ. ಹೋಗೋವಾಗ ಲಂಡನ್‌ನಿಂದ ಹಗಲಿನಾಗ ಹೊರಟ್ರ ಎಂಟು ತಾಸು ಬೆಳಕಿನಾಗೇ ಹೋಗ್ತೀರಿ, ಮಧ್ಯಾಹ್ನ ಇಳೀತೀರಿ, ಯಾರೂ ಮಲಗಂಗಿಲ್ಲ. ರೊಕ್ಕ ಬಿಗಿ ಇದ್ದೋರಿಗೆ ನನ್ನ ಮಾತು: ಹೋಗೋವಾಗ ಪ್ರೀಮಿಯಂ ಎಕಾನಮಿ (ಎಕಾನಮಿಗಿಂತ ಮ್ಯಾಲೆ, ಬಿಸಿನೆಸ್ಸಿಗಿಂತ ಕೆಳಗಿನ ಕ್ಲಾಸು), ಬರೋವಾಗ ಬಿಸಿನೆಸ್, ಒಂದೇ ರಿಟರ್ನ್ ಟಿಕೆಟಿನಾಗ ಹಿಂಗ ಮಾಡಾಕ ಬರ್ತೈತಿ. ಬರೋವಾಗ ನಮ್ಮೋರಿಗೆ ಸಾಮಾನ್ಯವಾಗಿ ಎರಡು ರಾತ್ರಿ ಸಾಲಾಗಿ ಬರ್ತಾವ, ನ್ಯೂಯಾರ್ಕ್–ಲಂಡನ್ ಒಂದು, ಮರುದಿನ ಲಂಡನ್–ಹೈದರಾಬಾದ್ ಮತ್ತೊಂದು, ಆಮ್ಯಾಲೆ ಹೈದರಾಬಾದಿನಿಂದ ರಾಯಚೂರು ಮ್ಯಾಲೆ ಕಾರಿನಾಗ ಊರಿಗೆ. ಟೈಮ್‌ಟೇಬಲ್ ಸೀಸನ್ನಿಗೊಮ್ಮಿ ಬದಲಾಗ್ತೈತಿ, ನಿಮ್ಮ ತಾರೀಖಿಂದು ಬಿಡಿಸಿ ನೋಡ್ರಿ.

ಸಿಂಧನೂರಿನ ಕಡೆ ಹಿರಿಯರೊಬ್ರು, ಅಜ್ಜ ಅಜ್ಜಿ, ಇಬ್ರೂ ಎಪ್ಪತ್ತು ದಾಟಿದೋರು. ಮಗ ಡಲ್ಲಾಸಿನಿಂದ ಫೋನ್ ಮಾಡಿ ಬಾಗಿಲು ಇರೋ ಸೀಟೇ ಬೇಕು, ಇಬ್ರಿಗೂ ಕಿಟಕಿನೇ ಬೇಕು ಅಂದ. ಅಜ್ಜಿ ಆಫೀಸಿಗೆ ಬಂದಾಗ ನಾನು ಸೀಟ್ ಮ್ಯಾಪ್ ತೋರಿಸ್ದೆ. "ಬಾಗಿಲು ಹಾಕ್ಕೊಂಡು ಒಬ್ಬಾಕಿ ಏನ್ ಮಾಡ್ಲಿ ತಮ್ಮಾ, ಇವ್ರಿಗೆ ಸಕ್ಕರಿ ಗುಳಿಗಿ ಯಾರ್ ಕೊಡ್ತಾರ" ಅಂದ್ರು. ಅವ್ರಿಗೆ ನಡುವಿನ ಜೋಡಿ ಸೀಟು ಹಾಕಿದೆ, ಅದೂ ನಡುವಿನ ಅಡ್ಡಗೋಡಿ ಇಳಿಯೋ ವಿಮಾನ ನೋಡಿ. ಎಲ್ಲಾ ಕಡೆ 1-2-1ರ ನಡುವಿನ ಸೀಟು ಹತ್ತಿರ ಇರಂಗಿಲ್ಲ, ಕೆಲವದ್ರಾಗ ನಡುವ ಎತ್ತರದ ಗೋಡಿ, ಕೆಲವದ್ರಾಗ ಒಂದ್ ಸಾಲು ಹತ್ರ ಮುಂದಿನ ಸಾಲು ದೂರ. ಮಕ್ಕಳು ಅಲ್ಲಿಂದ ಫೋನಿನಾಗ ಹುಕುಂ ಮಾಡ್ತಾರ, ಹೋಗೋರು ಇಲ್ಲಿರ್ತಾರ. ಹೋಗೋರನ್ನ ಒಂದ್ ಮಾತು ಕೇಳ್ರಿ.

ಯುರೋಪಿನೊಳಗ ನಡುವ ಒಂದ್ ಸಣ್ಣ ಹಾರಾಟ ಇದ್ರ, ಫ್ರಾಂಕ್‌ಫರ್ಟ್–ಲಂಡನ್ ಅಂಥದ್ದು, ಅಲ್ಲಿ ಬಿಸಿನೆಸ್ ಅಂದ್ರ ಎಕಾನಮಿ ಸೀಟೇ, ನಡುವಿನ ಸೀಟು ಖಾಲಿ ಬಿಡ್ತಾರ ಅಷ್ಟ. ಅದಕ್ಕ ಏಜೆಂಟಿನ ಜೋಡಿ ಜಗಳ ತೆಗೀಬ್ಯಾಡ್ರಿ. ಊಟದ ವಿಷಯ, ನಮ್ಮ ಲಿಂಗಾಯತ ಮಂದಿ ಆನ್‌ಲೈನ್‌ನ್ಯಾಗ ತಾವೇ "ಹಿಂದೂ ಮೀಲ್" ಅಂತ ಒತ್ತಿಬಿಡ್ತಾರ, ಅದು ಸಾಮಾನ್ಯವಾಗಿ ದನದ ಮಾಂಸ ಇಲ್ಲದ ಮಾಂಸದೂಟ. ಶಾಖಾಹಾರಕ್ಕ "ಏಷಿಯನ್ ವೆಜಿಟೇರಿಯನ್" ಅಂತ ಹಾಕಿಸ್ರಿ, ಎರಡು ದಿನ ಮೊದಲ ಹಾಕಿಸ್ರಿ.

ಇಷ್ಟೆಲ್ಲಾ ನೋಡಿ ಮಾಡಿದ ಮ್ಯಾಲೂ ಕಂಪನಿ ಕೊನೀ ಗಳಿಗ್ಯಾಗ ವಿಮಾನ ಬದಲಾಯಿಸಬಹುದು, ಟಿಕೆಟಿನ ಷರತ್ತಿನಾಗ ಇಂಥದೇ ವಿಮಾನ ಅಂತ ಗ್ಯಾರಂಟಿ ಇರಂಗಿಲ್ಲ, ಹಂಗಾಗಿ ನಾನೂ ಗ್ಯಾರಂಟಿ ಕೊಡಂಗಿಲ್ಲ. ಹೊರಡೋ ಮೂರ್ನಾಲ್ಕು ದಿನ ಮೊದಲ ಸೀಟ್ ಮ್ಯಾಪ್ ಮತ್ತೊಮ್ಮಿ ತೆಗೆಸ್ರಿ, ಸೀಟ್ ನಂಬರ್ ತಾನಾಗೇ ಬದಲಾಗಿದ್ರ ವಿಮಾನ ಬದಲಾಗ್ಯದ ಅಂತ ಅನುಮಾನ ಪಡ್ರಿ, ಅವಾಗ್ಲೇ ಫೋನ್ ಮಾಡಿದ್ರ ಚಲೋ ಸೀಟು ಹಿಡಿಯಾಕ ಆಗ್ತೈತಿ. ಬಿಸಿನೆಸ್ ಒಳಗ ಹೊಸ ಸೀಟಿನ ಬದಲು ಹಳೇ ಸೀಟು ಬಂದ್ರ ಪರಿಹಾರ ಅಂತ ಸಿಗೋದು ಕಷ್ಟ. ಆದ್ರ ಬಿಸಿನೆಸ್ ರೊಕ್ಕ ತಗೊಂಡು ಕೆಳಗಿನ ಕ್ಲಾಸಿನಾಗ ಕೂರಿಸಿದ್ರ ಮಾತೇ ಬ್ಯಾರೆ. ಯುರೋಪ್ ಇಲ್ಲಾ ಬ್ರಿಟನ್‌ನಿಂದ ಹೊರಡೋ ಯಾವ ಕಂಪನಿ ವಿಮಾನಕ್ಕಾದ್ರೂ, ಅಲ್ಲಿಗೆ ಬರೋ ಅಲ್ಲಿಯ ಕಂಪನಿ ವಿಮಾನಕ್ಕಾದ್ರೂ, ಅಟ್ಲಾಂಟಿಕ್ ದಾಟೋವಷ್ಟು ದೂರ ಇದ್ರ ಆ ಹಾರಾಟದ ಟಿಕೆಟ್ ಬೆಲೆಯ 75 ಪರ್ಸೆಂಟ್ ವಾಪಸ್ ಕೊಡ್ಬೇಕು ಅಂತ ಕಾಯ್ದೆ ಐತಿ. ಕೌಂಟರಿನಾಗ ವೋಚರ್ ಕೊಟ್ಟು ಸಹಿ ಕೇಳಿದ್ರ ಅವಸರಕ್ಕ ಬಿದ್ದು ಮಾಡಬ್ಯಾಡ್ರಿ, ಹಳೇದು, ಹೊಸದು ಎರಡೂ ಬೋರ್ಡಿಂಗ್ ಪಾಸ್ ಫೋಟೋ ತಗೊಂಡು ವಾಟ್ಸಾಪ್ ಮಾಡ್ರಿ, ಅರ್ಜಿ ನಾವು ಇಲ್ಲಿಂದ ಹಾಕ್ತೀವಿ.