ಕೋಲಿನ ಹಠ

ಐದು ಐಸ್‌ಕ್ರೀಮ್ ಕಡ್ಡಿ ತೆಗೆದುಕೊಳ್ಳಿ. ಒಂದರ ಮೇಲೆ, ಇನ್ನೊಂದರ ಕೆಳಗೆ ಅಂತ ತಡಿಕೆ ಹೆಣೆದ ಹಾಗೆ ತೂರಿಸಿ. ಪ್ರತಿ ಕಡ್ಡಿಯೂ ಒಂಚೂರು ಬಾಗಿರಬೇಕು. ಅಂಟು ಬೇಡ, ದಾರ ಬೇಡ. ಎತ್ತಿದರೂ ಕಳಚುವುದಿಲ್ಲ. ಈಗ ನೆಲಕ್ಕೆ ಎಸೆಯಿರಿ. ಫಟ್ ಅಂತ ಐದೂ ಒಂದೊಂದು ದಿಕ್ಕಿಗೆ ಹಾರುತ್ತವೆ.

2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್ ಎದುರು, ಸಿವಿಕ್ ಸೆಂಟರ್ ಪ್ಲಾಜಾದ ಮರಗಳ ತಲೆಯಲ್ಲಿ ಅಮೆರಿಕದ ಕಲಾವಿದ ಪ್ಯಾಟ್ರಿಕ್ ಡೌಹರ್ಟಿ ಇದೇ ಆಟವನ್ನು ದೊಡ್ಡದಾಗಿ ಆಡಿದರು. ಗಾಳಿಗೆ ಸುತ್ತಿಕೊಂಡಂತಿದ್ದ ವಿಲ್ಲೋ ರೆಂಬೆಗಳ ಗೂಡುಗಳು. ಹೆಸರು 'ದಿ ಅಪ್ಪರ್ ಕ್ರಸ್ಟ್'. ವಿಲ್ಲೋ ಅಂದರೆ ನಮ್ಮ ಕ್ರಿಕೆಟ್ ಬ್ಯಾಟಿನ ಜಾತಿಯ ಮರ. ಇದರ ಫೋಟೋ ತೋರಿಸಿದಾಗಲೆಲ್ಲ ಬರುವ ಮೊದಲ ಪ್ರಶ್ನೆ, "ಒಳಗೆ ತಂತಿ ಇದೆ ಅಲ್ವಾ?"

ಹಿಡಿದಿರುವುದು ಕೋಲಿನ ಹಠ! ಬಗ್ಗಿಸಿದ ಕೋಲು ನೆಟ್ಟಗಾಗಲು ನೋಡುತ್ತದೆ. ಪಕ್ಕದ ಕೋಲುಗಳು ಬಿಡುವುದಿಲ್ಲ. ತಳ್ಳಾಟ ಜೋರಾದಷ್ಟೂ ಅವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಒತ್ತಿದಷ್ಟೂ ಘರ್ಷಣೆ ಜಾಸ್ತಿ. ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿಯದೆಯೂ ನಿಂತಿರುತ್ತೀರಲ್ಲ, ಹಾಗೆ. ಬಿಗಿಯಾಗಿ ಹೆಣೆದ ಜಡೆಯಿಂದ ಒಂದೇ ಎಳೆ ಎಳೆದು ನೋಡಿ, ಬರುವುದಿಲ್ಲ. ಹಗ್ಗವನ್ನು ಕಂಬಕ್ಕೆ ಸುತ್ತಿ ಎಮ್ಮೆ ನಿಲ್ಲಿಸುವವರಿಗೂ ಇದು ಗೊತ್ತು. ಅಲ್ಲಿ ಒಂದು ಸೊಗಸಾದ ಲೆಕ್ಕವಿದೆ, 18ನೇ ಶತಮಾನದ ಗಣಿತಜ್ಞ ಆಯ್ಲರ್‌ನದು. ಘರ್ಷಣೆಯ ಗುಣಾಂಕ (ಎರಡು ಮೈಗಳು ಎಷ್ಟು ಕಚ್ಚಿಕೊಳ್ಳುತ್ತವೆ ಎಂಬ ಅಳತೆ) 0.5 ಇದ್ದರೆ ಒಂದು ಪೂರ್ತಿ ಸುತ್ತಿಗೆ ಹಿಡಿತ ನಿಮ್ಮ ಕೈಬಲದ ಸುಮಾರು 23 ಪಟ್ಟು. ಎರಡು ಸುತ್ತಿಗೆ 46 ಅಲ್ಲ, 500 ದಾಟುತ್ತದೆ! ಕೋಲು ಹಗ್ಗದಷ್ಟು ಮೆತ್ತಗಲ್ಲ, ಆದರೂ ಹತ್ತು ಕಡೆ ಅಂಕುಡೊಂಕಾಗಿ ನುಸುಳಿದ ರೆಂಬೆಯ ಸ್ವಭಾವ ಇದೇ. ಎಲ್ಲೋ ಒಂದು ತುದಿ ಸಡಿಲವಾದರೂ ಉಳಿದ ಒಂಬತ್ತು ತಿರುವು ಕಾಯುತ್ತವೆ.

ಹಸಿಯಾಗಿದ್ದಾಗಲೇ ಹೆಣೆಯಬೇಕು. ಹಸಿ ಮರದ ಜೀವಕೋಶದ ಗೋಡೆಗಳಲ್ಲಿ ನೀರಿರುತ್ತದೆ, ನಾರುಗಳು ಸ್ವಲ್ಪ ಜರುಗಬಲ್ಲವು. ತೇವ ಶೇ. 30ಕ್ಕಿಂತ ಕೆಳಗಿಳಿಯುತ್ತಾ ಹೋದಂತೆ ಗೋಡೆ ಬಿರುಸಾಗಿ, ರೆಂಬೆ ಬಾಗಿದ ಭಂಗಿಯಲ್ಲೇ ಉಳಿಯುತ್ತದೆ. ಬುಟ್ಟಿ ಹೆಣೆಯುವ ಮೇದಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಡೌಹರ್ಟಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಆಸ್ಪತ್ರೆ ಆಡಳಿತ. ಕೋಲಿಗೂ ಅದಕ್ಕೂ ಏನು ಸಂಬಂಧವೋ! ಮೊದಲ ಕೃತಿ 1982ರಲ್ಲಿ, ಮೇಪಲ್ ರೆಂಬೆಯದು. ಆಮೇಲೆ ನೂರಾರು. ಒಂದೊಂದಕ್ಕೂ ಸುಮಾರು ಮೂರು ವಾರ, ಜೊತೆಗೆ ಊರಿನ ಸ್ವಯಂಸೇವಕರು. ದಪ್ಪ ಕೋಲು ಮೊದಲು, ಸಣ್ಣವು ಕೊನೆಗೆ.

ಎರಡನೇ ಪ್ರಶ್ನೆ, "ಅಯ್ಯೋ, ಎಷ್ಟು ಮರ ಕಡಿದರು?" ಇದಕ್ಕೆ ನನಗೆ ತಾಳ್ಮೆ ಸ್ವಲ್ಪ ಕಮ್ಮಿ. ರೇಷ್ಮೆ ಸೀಮೆಯವರು ಹಿಪ್ಪುನೇರಳೆಯನ್ನು ಬುಡಕ್ಕೆ ಕತ್ತರಿಸುತ್ತಾರೆ, ಗಿಡ ಸಾಯುತ್ತದೆಯೇ? ಬುಡದ ಮೊಗ್ಗುಗಳು ಎದ್ದು ನೆಟ್ಟನೆ ಕಡ್ಡಿ ಹೊರಡುತ್ತವೆ. ವಿಲ್ಲೋ ಕೂಡ ಹಾಗೇ. ಇಂಗ್ಲೆಂಡಿನ ಸಾಮರ್ಸೆಟ್ ಜೌಗಿನಲ್ಲಿ ಸಿಕ್ಕ 'ಸ್ವೀಟ್ ಟ್ರ್ಯಾಕ್' ಎಂಬ ಮರದ ಕಾಲುದಾರಿ ಕ್ರಿ.ಪೂ. 3800ರ ಸುಮಾರಿನದು. ಅದರ ಗಳುಗಳಲ್ಲಿಯೂ ಹೀಗೆ ಕಡಿದು ಚಿಗುರಿಸಿದ ಗುರುತಿದೆ.

ಪಾರ್ಕಿನ ನೆಲದಲ್ಲಿ ಕಾಲೂರಿ ನಿಂತ ಇಂಥ ಕೃತಿ ಸುಮಾರು ಎರಡು ವರ್ಷ ಬಾಳುತ್ತದೆ. ಕೊಳೆಯುವುದು ಮೊದಲು ಮಣ್ಣಿನ ಮಟ್ಟದಲ್ಲಿ, ಬೇಲಿ ಗೂಟದ ಹಾಗೆ. ಆಳದಲ್ಲಿ ಗಾಳಿ ಕಮ್ಮಿ, ಮೇಲೆ ತೇವ ಕಮ್ಮಿ. ಶಿಲೀಂಧ್ರಕ್ಕೆ ಎರಡೂ ಬೇಕು.

ಸಾಯದೆ ಉಳಿಯುವ ಉಪಾಯವೂ ಇದೆ. ಹಸಿ ವಿಲ್ಲೋವನ್ನು ಒದ್ದೆ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ, ತೊಗಟೆಯಡಿ ಬೇರಿನ ಮೊಳಕೆ ಮೊದಲೇ ಸಿದ್ಧ. 2001ರಲ್ಲಿ ಜರ್ಮನಿಯ ರೋಸ್ಟಾಕ್‌ನಲ್ಲಿ ವಾಸ್ತುಶಿಲ್ಪಿ ಮಾರ್ಸೆಲ್ ಕಾಲ್ಬೆರರ್ ನೂರಾರು ಸ್ವಯಂಸೇವಕರ ಜೊತೆ ಕಟ್ಟಿದ ವಿಲ್ಲೋ ಚರ್ಚು ಹಾಗೆ ಚಿಗುರಿತು. ಅಲ್ಲಿ ಗೋಡೆಗೆ ಬಣ್ಣ ಹೊಡೆಯುವ ಕೆಲಸವಿಲ್ಲ, ಕತ್ತರಿ ಹಿಡಿದು ಸವರುವ ಕೆಲಸ.