"ಯಾವಾಗಲೂ" ಅನ್ನೋ ಬಟನ್ ಮುಂದೆ ಬೆರಳು ಯಾಕೆ ನಿಲ್ಲತ್ತೆ

ಹೋದ ತಿಂಗಳು ಚಿಕ್ಕಮ್ಮನ ವಾಟ್ಸಾಪ್‌ಗೆ ಕರೆಂಟ್ ಬಿಲ್ಲಿನ ಪಿಡಿಎಫ್ ಬಂತು. ಮುಟ್ಟಿದ್ರು, ಯಾವ ಆಪಲ್ಲಿ ತೆಗೀಬೇಕು ಅಂತ ಮೂರು ಐಕಾನ್, ಅದರ ಕೆಳಗೆ "ಒಮ್ಮೆ ಮಾತ್ರ", "ಯಾವಾಗಲೂ". ಬೆರಳು ಗಾಳೀಲೇ ನಿಂತೋಯ್ತು. "ಲೋ, ಯಾವ್ದು ಒತ್ಲಿ?" ನಾನು ಬಾಯಿ ಬಿಡೋ ಅಷ್ಟರಲ್ಲಿ "ಒಮ್ಮೆ ಮಾತ್ರ" ಒತ್ತಿಬಿಟ್ರು. ಪ್ರತಿ ತಿಂಗಳೂ ಇದೇ ಕಥೆ.

ವಯಸ್ಸಾದೋರಿಗೆ ಟೆಕ್ನಾಲಜಿ ತಲೆಗೆ ಹತ್ತಲ್ಲ ಅಂತ ನಗೋರನ್ನ ಕಂಡ್ರೆ ನಂಗೆ ರೇಗತ್ತೆ. ಕೋಡ್ ಬರೆದೇ ಹೊಟ್ಟೆ ಹೊರ್ಕೊಳೋ ನನ್ನ ಫ್ರೆಂಡ್ಸೂ ಅದನ್ನೇ ಒತ್ತೋದು! ಚಿಕ್ಕಮ್ಮನ ಲೆಕ್ಕ ಪಕ್ಕಾ ಇದೆ. "ಒಮ್ಮೆ ಮಾತ್ರ" ಒತ್ತಿದ್ರೆ ಪ್ರತಿ ಸಲ ಒಂದು ಸೆಕೆಂಡ್ ಹೋಗತ್ತೆ ಅಷ್ಟೇ, ಅದು ಗೊತ್ತಿರೋ ಖರ್ಚು. "ಯಾವಾಗಲೂ" ಒತ್ತಿ ಎಡವಟ್ಟಾದ್ರೆ ಎಷ್ಟು ಹೋಗತ್ತೋ ಯಾರಿಗ್ಗೊತ್ತು. ಗಳಿಸಿದ ಖುಷಿಗಿಂತ ಅಷ್ಟೇ ಕಳ್ಕೊಂಡ ನೋವು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಆಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ರು.

ಆದ್ರೆ ಬರೀ ನಷ್ಟದ ಭಯ ಅಂದ್ರೆ ಅರ್ಧ ಮಾತಾಯ್ತು. ಸಾರಿಗೆ ಉಪ್ಪು ಹಾಕೋವಾಗ ಕೈ ತಡೆಯತ್ತೆ ಯಾಕಂದ್ರೆ ಹಾಕಿದ್ದನ್ನ ತೆಗೆಯೋಕಾಗಲ್ಲ, ಟೈಲರ್ ಕತ್ತರಿ ಇಡೋ ಮುಂಚೆ ಎರಡು ಸಲ ಅಳೀತಾನೆ, ಅದೂ ಅದಕ್ಕೇ. "ಯಾವಾಗಲೂ" ಹಂಗಲ್ಲ, ಅದನ್ನ ಬದಲಾಯಿಸಬಹುದು. ಅದು ಬೆಂಗಳೂರಿನ ಫ್ಲೈಓವರ್ ಥರ, ಯೂ-ಟರ್ನ್ ಎಲ್ಲೋ ಇದ್ದೇ ಇರತ್ತೆ, ಎಷ್ಟು ದೂರ ಅಂತ ಬೋರ್ಡ್ ಇರಲ್ಲ ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ, ಆಪ್ಸ್ ಪಟ್ಟಿ ತೆಗೆದು, ಆ ಆಪನ್ನ ಹುಡುಕಿ, ಅದರೊಳಗೆ ಡೀಫಾಲ್ಟ್ ಅನ್ನೋದನ್ನ ಹುಡುಕಿ ಅಳಿಸಬೇಕು. ನಾನೇ ಒಂದ್ಸಲ ಆಡ್ ತುಂಬಿರೋ ಪಿಡಿಎಫ್ ಆಪ್‌ಗೆ "ಯಾವಾಗಲೂ" ಕೊಟ್ಟು, ಈ ದಾರಿ ಸಿಗದೆ ಕೊನೆಗೆ ಆಪನ್ನೇ ಕಿತ್ತಾಕಿದೀನಿ.

ವಾಪಸ್ ಬರೋ ದಾರಿ ಎಷ್ಟು ಮುಖ್ಯ ಅನ್ನೋದಕ್ಕೆ ಹಳೇ ಕಥೆ ಒಂದಿದೆ. 1974ರ ಸುಮಾರಿಗೆ ಜೆರಾಕ್ಸ್ ಪಾರ್ಕ್ ಲ್ಯಾಬಲ್ಲಿ ಬ್ರಾವೋ ಅಂತ ಬರಹ ಟೈಪ್ ಮಾಡಿ ತಿದ್ದೋ ಒಂದು ಪ್ರೋಗ್ರಾಂ ಇತ್ತು, ಅದರ ಕಮಾಂಡ್ ಮೋಡಲ್ಲಿ ಒಂದೊಂದು ಅಕ್ಷರಾನೂ ಒಂದೊಂದು ಆರ್ಡರ್. ಆ ಮೋಡಲ್ಲಿ ಇರೋದು ಮರೆತು "ಎಡಿಟ್" ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಇ ಎಲ್ಲಾನೂ ಸೆಲೆಕ್ಟ್ ಮಾಡತ್ತೆ, ಡಿ ಅಳಿಸತ್ತೆ, ಐ ಹೊಸದು ಬರೆಯೋಕೆ ರೆಡಿ ಆಗತ್ತೆ, ಪೂರ್ತಿ ಡಾಕ್ಯುಮೆಂಟ್ ಹೋಗಿ ಒಂದು ಟಿ ಉಳಿಯತ್ತೆ! 1983ರ ಆಪಲ್ ಲೀಸಾ ಕಂಪ್ಯೂಟರ್ ಹೊತ್ತಿಗೆ ಅನ್‌ಡೂ, ಅಂದ್ರೆ ಮಾಡಿದ್ದನ್ನ ರದ್ದು ಮಾಡೋ ಆಯ್ಕೆ, ಮೆನುವಿಗೇ ಬಂದು ಕೂತ್ಕೊಳ್ತು. ಟೈಪ್ ಮಾಡೋವಾಗ ನಾವ್ಯಾರೂ ಹೆದರದೇ ಇರೋದು ಅದರಿಂದ್ಲೇ, ಸೆಟ್ಟಿಂಗ್ಸ್‌ಗೆ ಮಾತ್ರ ಆ ಭಾಗ್ಯ ಇನ್ನೂ ಇಲ್ಲ.

ಆಪ್‌ಗಳು ಕೇಳೋ ಪರ್ಮಿಷನ್ ವಿಷಯದಲ್ಲಿ ಸ್ವಲ್ಪ ಬುದ್ಧಿ ಬಂದಿದೆ. ಐಫೋನಿಗೆ 2019ರ ಐಓಎಸ್ 13ರಲ್ಲಿ ಲೊಕೇಷನ್ ಒಂದೇ ಸಲ ಕೊಡೋ ಬಟನ್ ಬಂತು, ಮುಂದಿನ ವರ್ಷ ಆಂಡ್ರಾಯ್ಡ್ 11ಕ್ಕೂ ಬಂತು, ಅಲ್ಲಿ ಮೈಕು ಕ್ಯಾಮೆರಾಗೂ ಸೇರಿಸಿ.

ಇನ್ನೊಂದು ತಮಾಷೆ ಇದೆ. ಡೇನಿಯಲ್ ಗಿಲ್ಬರ್ಟ್, ಜೇನ್ ಎಬರ್ಟ್ ಅನ್ನೋ ಸಂಶೋಧಕರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಫೋಟೋಗ್ರಫಿ ಕಲೀತಿದ್ದೋರಿಗೆ ತಾವೇ ತೆಗೆದ ಎರಡು ಫೋಟೋದಲ್ಲಿ ಒಂದನ್ನ ಇಟ್ಕೊಳ್ಳಿ ಅಂದ್ರು, ಕೆಲವರಿಗೆ ಆಮೇಲೆ ಬದಲಾಯಿಸ್ಬಹುದು ಅಂದ್ರು, ಕೆಲವರಿಗೆ ಇಲ್ಲ ಅಂದ್ರು. ಬದಲಾಯಿಸೋಕೆ ಆಗದೇ ಇದ್ದೋರಿಗೇ ತಮ್ಮ ಫೋಟೋ ಜಾಸ್ತಿ ಇಷ್ಟ ಆಯ್ತು. ಅಂದ್ರೆ ದಾರಿ ಮುಚ್ಚಿದ್ರೆ ಮನಸ್ಸು ಒಗ್ಗಿಹೋಗತ್ತೆ. ಫೋಟೋ ಆದ್ರೆ ಸರಿ, ಆಡ್ ತೋರಿಸೋ ಪಿಡಿಎಫ್ ಆಪ್ ಮೇಲೂ ಹಂಗೆ ಪ್ರೀತಿ ಹುಟ್ಟತ್ತೆ ಅಂತ ನಂಗಂತೂ ನಂಬಿಕೆ ಇಲ್ಲ.