ರೋಮಿಂಗ್: ಪರವೂರಿನಲ್ಲಿ ನಮ್ಮ ನಂಬರು

ರೋಮಿಂಗ್ ಎಂದರೇನು ಅಂತ ತಿಳಿಯಲು ಕೊಡಗಿನ ಗಡಿಯೂರು ಕುಟ್ಟದವರು ವಿಮಾನ ಹತ್ತಬೇಕಾಗಿರಲಿಲ್ಲ. ಪೇಟೆಯಲ್ಲಿ ನಿಂತಲ್ಲೇ ಫೋನು ಕೇರಳದ ತೋಲ್ಪೆಟ್ಟಿ ಕಡೆಯ ಟವರ್ ಹಿಡಿಯುತ್ತಿತ್ತು, ಪರದೆಯ ಮೂಲೆಯಲ್ಲಿ ‘ಆರ್’ ಅಕ್ಷರ ಮೂಡುತ್ತಿತ್ತು, ಬಂದ ಕರೆಗೂ ಬ್ಯಾಲೆನ್ಸ್ ಕರಗುತ್ತಿತ್ತು. ಮಾಕುಟ್ಟದಲ್ಲೂ ಕರಿಕೆಯಲ್ಲೂ ಇದೇ ಪಾಡು. ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ಅಂದರೆ ಸೇವಾ ವಲಯ; ಕೇರಳ ಇನ್ನೊಂದು. ನಮ್ಮ ಕಾಲು ಈಚೆ ಇದ್ದರೂ ಸಿಗ್ನಲ್ ಆಚೆಯದಾದರೆ ನಾವು ಪರವೂರಿನವರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ದೇಶದೊಳಗಿನ ರೋಮಿಂಗ್‌ಗೆ ದುಡ್ಡಿಲ್ಲ ಎನ್ನುತ್ತ ಬಂತು, ಮರುವರ್ಷ ಉಳಿದ ದೊಡ್ಡ ಕಂಪನಿಗಳೂ ಆ ಶುಲ್ಕ ಬಿಟ್ಟವು. ಆಮೇಲೆ ಈ ಪದ ನಮ್ಮ ಮಾತಿನಿಂದ ಹೆಚ್ಚುಕಡಿಮೆ ಮರೆಯಾಗಿತ್ತು.

ಅದು ಮರಳಿ ಬಂದಿರುವುದು ಕಣ್ಣೂರು ವಿಮಾನ ನಿಲ್ದಾಣದ ದಾರಿಯಲ್ಲಿ. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ಆ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಗಲ್ಫ್ ಎಂದರೆ ಮಾಕುಟ್ಟ ಘಾಟಿ ಇಳಿದಷ್ಟು ಹತ್ತಿರ. ಕಾಫಿ ಕುಯ್ಲು ಮುಗಿಸಿ, ಹೂಮಳೆ ನೋಡಿಕೊಂಡು, ಮುಂಗಾರು ಹಿಡಿಯುವ ಮೊದಲು ಮಕ್ಕಳ ಮನೆಗೆ ಹೋಗಿ ಬರುವ ತಂದೆತಾಯಂದಿರು ಈಗ ಹಲವರು. ಹೊರಡುವ ವಾರ ಎಲ್ಲರೂ ಕೇಳುವುದು ಒಂದೇ: ‘ರೋಮಿಂಗ್ ಹಾಕಿಸಬೇಕಾ?’ ಈ ಪ್ರಶ್ನೆಗೆ ಹೌದು ಅಥವಾ ಬೇಡ ಎಂದು ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಪದ ಅರ್ಥವಾದರೆ ಉತ್ತರವನ್ನು ಅವರವರೇ ಕಂಡುಕೊಳ್ಳಬಹುದು.

‘ರೋಮ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಗೊತ್ತುಗುರಿಯಿಲ್ಲದೆ ತಿರುಗು, ಅಲೆ ಎಂದರ್ಥ. ಮೊಬೈಲಿನ ವಿಷಯದಲ್ಲಿ ಈ ಅರ್ಥ ದಾರಿ ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಎಲ್ಲವೂ ಗೊತ್ತುಗುರಿಯಿಂದಲೇ ನಡೆಯುತ್ತದೆ. ನಮ್ಮ ಕಂಪನಿಯ ಟವರ್ ಇಲ್ಲದ ಕಡೆ ಬೇರೊಂದು ಕಂಪನಿಯ ಟವರನ್ನು ನಮ್ಮದೇ ನಂಬರಿನಿಂದ ಬಳಸುವುದು, ಅದರ ಬಾಬ್ತನ್ನು ನಮ್ಮ ಕಂಪನಿಯ ಮೂಲಕ ತೀರಿಸುವುದು, ಇದು ರೋಮಿಂಗ್. ಜಿಎಸ್‌ಎಂ ಎಂಬ ಡಿಜಿಟಲ್ ತಂತ್ರಜ್ಞಾನದ ಫೋನುಗಳ ಮೊದಲ ಅಂತರರಾಷ್ಟ್ರೀಯ ರೋಮಿಂಗ್ ಒಪ್ಪಂದ ಆದದ್ದು 1992ರಲ್ಲಿ, ಟೆಲಿಕಾಂ ಫಿನ್‌ಲೆಂಡ್ ಮತ್ತು ಬ್ರಿಟನ್ನಿನ ವೊಡಾಫೋನ್ ನಡುವೆ. ಇವತ್ತಿಗೂ ಎರಡು ಕಂಪನಿಗಳ ನಡುವೆ ಇಂಥ ಒಪ್ಪಂದ ಇದ್ದರಷ್ಟೇ ಒಂದರ ಗಿರಾಕಿಗೆ ಇನ್ನೊಂದರ ಟವರ್ ಜಾಗ ಕೊಡುತ್ತದೆ.

ಇದು ನಡೆಯುವ ಬಗೆ ಕೊಡಗಿನವರಿಗೆ ಬೇಗ ಹಿಡಿಸುತ್ತದೆ ಅನ್ನಿಸುತ್ತದೆ. ನಮ್ಮಲ್ಲಿ ಅಪರಿಚಿತರು ಮನೆಗೆ ಬಂದರೆ ಹಿರಿಯರು ಮೊದಲು ಕೇಳುವುದು ಯಾವ ಒಕ್ಕ, ಯಾವ ಮನೆತನ ಎಂದು. ಕೊಡವರಲ್ಲಂತೂ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ; ಕೊಡಂದೇರ ಎಂದಮೇಲೆ ಕಾರ್ಯಪ್ಪ. ಸಿಮ್ ಕಾರ್ಡಿನೊಳಗೂ ಹಾಗೆಯೇ ಬರೆದಿದೆ. ನಾವು ಜನರಿಗೆ ಕೊಡುವ ಹತ್ತಂಕಿಯ ನಂಬರ್ ಬೇರೆ. ಒಳಗಿರುವುದು ಸಾಮಾನ್ಯವಾಗಿ 15 ಅಂಕಿಯ ಇನ್ನೊಂದು ಗುರುತು, ಅದರ ಹೆಸರು ಐಎಂಎಸ್‌ಐ. ಮೊದಲ 3 ಅಂಕಿ ದೇಶದ್ದು, ಭಾರತಕ್ಕೆ 404 ಮತ್ತು 405. ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿಯದ್ದು. ಉಳಿದದ್ದು ನಮ್ಮದು. ಅಬುಧಾಬಿಯಲ್ಲಿ ಇಳಿದು ಫೋನ್ ಆನ್ ಮಾಡಿದೊಡನೆ ಅಲ್ಲಿನ ಟವರ್ ಈ ಗುರುತನ್ನು ಓದುತ್ತದೆ, ಭಾರತದ ಕಂಪನಿಯನ್ನು ವಿಚಾರಿಸುತ್ತದೆ: ‘ಇವರು ನಿಮ್ಮವರೇ? ಖರ್ಚಿಗೆ ನೀವು ಹೊಣೆಯೇ?’ ಅಲ್ಲಿಂದ ಹೌದು ಎಂದು ಬಂದ ಮೇಲೆಯೇ ಸಿಗ್ನಲ್ ಕಡ್ಡಿಗಳು ಏಳುವುದು. ಆ ಹೊಣೆಯ ಮಾತಿನಲ್ಲೇ ದರದ ಗುಟ್ಟೆಲ್ಲ ಇದೆ.

ಬಂದ ಕರೆಗೂ ದುಡ್ಡು ಯಾಕೆ? ಮಡಿಕೇರಿಯಿಂದ ನಿಮಗೆ ಕರೆ ಮಾಡುವವರಿಗೆ ನೀವು ಅಬುಧಾಬಿಯಲ್ಲಿರುವುದು ಗೊತ್ತಿರುವುದಿಲ್ಲ, ಅವರು ಒತ್ತುವುದು ಭಾರತದ ನಂಬರ್, ಕೊಡುವುದು ಇಲ್ಲಿನ ದರ. ಕರೆ ಮೊದಲು ಭಾರತದ ಕಂಪನಿಗೆ ಬರುತ್ತದೆ. ಅಲ್ಲಿಂದ ಕಡಲಾಚೆಗೆ ಅದನ್ನು ಮುಟ್ಟಿಸುವ ಖರ್ಚು ನಿಮ್ಮ ತಲೆಗೆ. ಬಿಜಿ ಇದ್ದಾಗ ಅಥವಾ ಎತ್ತದಿದ್ದಾಗ ಕರೆ ಊರಿನ ಇನ್ನೊಂದು ನಂಬರಿಗೆ ಹೋಗುವಂತೆ ಫಾರ್ವರ್ಡ್ ಇಟ್ಟಿದ್ದರೆ, ಅದೇ ಕರೆ ಅಲ್ಲಿಂದ ಮತ್ತೆ ಭಾರತಕ್ಕೆ ಮರಳಿ ಎರಡೂ ದಾರಿಯ ಲೆಕ್ಕ ಬೀಳಬಹುದು. ಹೊರಡುವ ಮುಂಚೆ ಕಾಲ್ ಫಾರ್ವರ್ಡಿಂಗ್ ತೆಗೆಸಿ.

ಇಂಟರ್ನೆಟ್ಟಿನದು ಇನ್ನೂ ವಿಚಿತ್ರ. ರೋಮಿಂಗ್‌ನಲ್ಲಿ ನೀವು ತೆರೆಯುವ ಪುಟ, ನೋಡುವ ವಿಡಿಯೊ ಎಲ್ಲವೂ ಸಾಮಾನ್ಯವಾಗಿ ಅಲ್ಲಿನ ಟವರಿನಿಂದ ಭಾರತದ ಕಂಪನಿಗೆ ಬಂದು, ಅಲ್ಲಿಂದ ಜಗತ್ತಿಗೆ ಹೋಗುತ್ತದೆ. ಹಾಗಾಗಿ ಸ್ವಲ್ಪ ನಿಧಾನ. ಆದರೆ ಇದರಿಂದ ಗಲ್ಫ್‌ಗೆ ಹೋಗುವವರಿಗೆ ಒಂದು ವ್ಯತ್ಯಾಸವಾಗುತ್ತದೆ. ಯುಎಇಯಲ್ಲಿ ಸ್ಥಳೀಯ ಸಿಮ್‌ನಲ್ಲಾಗಲಿ ಮನೆಯ ವೈಫೈಯಲ್ಲಾಗಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲ. ಅಲ್ಲಿ ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್ ಎರಡೂ ಕಡೆ ಇರಬೇಕು. ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಮಾತ್ರ ವಾಟ್ಸ್ಆ್ಯಪ್ ಕರೆ ಸಾಮಾನ್ಯವಾಗಿ ಸಿಗುತ್ತದೆ. ಊರಿನಲ್ಲಿರುವ ಅಜ್ಜಿಗೆ ಹೊಸ ಆ್ಯಪ್ ಕಲಿಸುವುದು ಕಷ್ಟ ಅನ್ನುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಈಗ ನಮ್ಮ ಮನೆಯ ಕಥೆ. ಅಕ್ಕನ ಬಾಣಂತನಕ್ಕೆ ಅವ್ವ ಅಬುಧಾಬಿಗೆ ಹೊರಟಾಗ ಅವರದು ಪೋಸ್ಟ್‌ಪೇಯ್ಡ್ ನಂಬರ್. ಅಂಗಡಿಯಲ್ಲಿ ಕೇಳಿದೆ, ‘ರೋಮಿಂಗ್ ಆ್ಯಕ್ಟಿವೇಟ್ ಆಗಿದೆ’ ಅಂದರು. ಪ್ಯಾಕ್ ಬಿದ್ದಿದೆ ಎಂದೇ ನಾನು ತಿಳಿದೆ. ಅವರು ಹೇಳಿದ್ದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಆ್ಯಕ್ಟಿವೇಟ್ ಆಗಿದೆ ಎಂದರೆ ಬಾಗಿಲು ತೆರೆದಿದೆ ಎಂದಷ್ಟೇ. ಒಳಗೆ ಎಷ್ಟಕ್ಕೆ ಎಷ್ಟು ಎಂದು ಮೊದಲೇ ಒಪ್ಪಿಕೊಳ್ಳುವುದು ಪ್ಯಾಕ್. ಪ್ಯಾಕ್ ಇಲ್ಲದೆ ಬಾಗಿಲು ತೆರೆದರೆ ಬಿಡಿ ದರ ಓಡುತ್ತದೆ, ನಿಮಿಷಕ್ಕಿಷ್ಟು, ಎಂಬಿಗಿಷ್ಟು. ಮಗುವಿನ ಫೋಟೊಗಳು ಅವ್ವನ ಫೋನಿಂದ ತಾವಾಗಿ ಬ್ಯಾಕಪ್ ಆಗುತ್ತಿದ್ದವು. ಮೂರನೇ ದಿನ ಎಚ್ಚರಿಕೆಯ ಸಂದೇಶ ಬಂದಾಗ ಲೆಕ್ಕ ಸಾವಿರಗಳಲ್ಲಿತ್ತು. ದುಡ್ಡು ಕಟ್ಟಿದೆವು, ಅದು ಮುಗಿಯಿತು. ನನಗೆ ಇವತ್ತಿಗೂ ನೋವಾಗುವುದು ಬೇರೆಯದಕ್ಕೆ: ಅವ್ವ ಹೆದರಿ ಫೋನನ್ನೇ ಆರಿಸಿಟ್ಟುಬಿಟ್ಟರು. ಕೈಲ್ ಮುಹೂರ್ತ ಹಬ್ಬದ ದಿನ ಊರಿನಲ್ಲಿ ಎಲ್ಲರೂ ಸೇರಿದ್ದಾಗ ಅವರ ದನಿ ನಮಗೆ ಸಿಗಲಿಲ್ಲ. ಆ್ಯಕ್ಟಿವೇಟ್, ಪ್ಯಾಕ್ ಎಂಬ ಈ ಎರಡು ಪದಗಳ ನಡುವಿನ ಅಂತರವನ್ನು ಯಾರಾದರೂ ಒಂದು ನಿಮಿಷ ಬಿಡಿಸಿ ಹೇಳಿದ್ದರೆ ಹಾಗಾಗುತ್ತಿರಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಕೇಳುವುದು ಇದು: ಅಲ್ಲಿ ನಿಮಗೆ ಬೇಕಾದದ್ದು ನಿಮ್ಮ ನಂಬರೋ, ಬರೀ ನೆಟ್ಟೋ? ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಳ್ಳುವುದರಿಂದಲೇ ಹೆಚ್ಚು ಖರ್ಚಾಗುವುದು. ಬ್ಯಾಂಕಿನ ಒಟಿಪಿ ನಂಬರಿಗೆ ಅಂಟಿದ್ದು. ಯುಪಿಐ ಆ್ಯಪ್ಪನ್ನು ಹೊಸ ಫೋನಿಗೆ ಹಾಕಿದರೆ ನೋಂದಣಿಗೆ ಭಾರತದ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು, ಅದೂ ನಂಬರಿಗೆ ಅಂಟಿದ್ದು. ಮ್ಯಾಪ್, ವಾಟ್ಸ್ಆ್ಯಪ್, ಇಮೇಲ್ ಇವಕ್ಕೆ ಯಾರ ನೆಟ್ ಆದರೂ ಸರಿ. ವಾಟ್ಸ್ಆ್ಯಪ್ ಒಮ್ಮೆ ನೋಂದಣಿಯಾದ ಮೇಲೆ ಬೇರೆ ಸಿಮ್‌ನ ನೆಟ್ಟಿನಲ್ಲೂ ಹಳೇ ನಂಬರಿನಲ್ಲೇ ನಡೆಯುತ್ತದೆ. ನಂಬರಷ್ಟೇ ಬೇಕಾದರೆ ಭಾರತದ ಸಿಮ್ ಫೋನಿನಲ್ಲಿರಲಿ, ರೋಮಿಂಗ್ ಸೇವೆ ಚಾಲೂ ಇರಲಿ, ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಬರುವ ಎಸ್‌ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಹಿಡಿಯುವುದಿಲ್ಲ. ಅಪರಿಚಿತ ಕರೆಗಳನ್ನು ಎತ್ತಬೇಡಿ.

ನೆಟ್ಟಿಗೆ ಅಲ್ಲಿಯದೇ ಸಿಮ್ ಕೊಳ್ಳಬಹುದು, ಪಾಸ್‌ಪೋರ್ಟ್ ತೋರಿಸಬೇಕು. ಇಲ್ಲಿ ಕೊಡಗಿನವರಿಗೊಂದು ತೊಡಕಿದೆ. ತೋಟದಲ್ಲಿ ಒಂದು ಕಂಪನಿಯ ಸಿಗ್ನಲ್, ಪೇಟೆಯಲ್ಲಿ ಇನ್ನೊಂದರದು ಎಂದು ನಮ್ಮಲ್ಲಿ ಬಹಳ ಜನರ ಫೋನಿನಲ್ಲಿ ಎರಡೂ ಸಿಮ್ ಜಾಗ ಭರ್ತಿ. ಹೊಸ ಸಿಮ್ ಹಾಕಲು ಒಂದನ್ನು ತೆಗೆಯಬೇಕು, ತೆಗೆದದ್ದು ಬ್ಯಾಂಕಿನ ನಂಬರ್ ಆಗಿದ್ದರೆ ಒಟಿಪಿ ನಿಂತಿತು. ಯಾವುದು ಬ್ಯಾಂಕಿಗೆ ಕೊಟ್ಟ ಸಿಮ್ ಎಂದು ಮನೆಯಲ್ಲೇ ಗುರುತು ಮಾಡಿಕೊಳ್ಳಿ. ಇ–ಸಿಮ್ ಹಿಡಿಯುವ ಫೋನಾದರೆ ಕಾರ್ಡ್ ತೆಗೆದು ಹಾಕುವ ಗೋಜಿಲ್ಲ: ಕಾರ್ಡ್ ಇಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಿಮ್ ಫೋನಿನೊಳಗೇ ಇಳಿಯುತ್ತದೆ, ವೈಫೈ ಇರುವಾಗ ಊರಿನಲ್ಲೇ ಇಳಿಸಿಟ್ಟು ಅಲ್ಲಿ ಚಾಲೂ ಮಾಡಬಹುದು. ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್ ಒತ್ತಿದಾಗ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ‘ಇಐಡಿ’ ಎಂಬ ಉದ್ದ ಸಂಖ್ಯೆ ಕಂಡರೆ ನಿಮ್ಮ ಫೋನಿಗೆ ಆ ಸೌಲಭ್ಯ ಇದೆ ಎಂದರ್ಥ. ಅಮೆರಿಕದಿಂದ ಮಕ್ಕಳು ಕಳಿಸಿದ ಫೋನಾಗಿದ್ದರೆ ಅದು ಅಲ್ಲಿನ ಕಂಪನಿಗೆ ಲಾಕ್ ಆಗಿರಬಹುದು, ಕೇಳಿಕೊಳ್ಳಿ.

ವಾರದೊಳಗಿನ ಪ್ರಯಾಣಕ್ಕೆ, ಅದರಲ್ಲೂ ಸಿಮ್ ಬದಲಿಸುವುದು ಕಷ್ಟವೆನ್ನುವ ಹಿರಿಯರಿಗೆ, ರೋಮಿಂಗ್ ಪ್ಯಾಕೇ ವಾಸಿ ಅಂತ ನನ್ನ ಅಭಿಪ್ರಾಯ. ಆದರೆ ಪ್ಯಾಕಿನ ಸಣ್ಣ ಅಕ್ಷರ ಓದಿ. ದೇಶದ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಆ ದೇಶದ ಯಾವ ಕಂಪನಿಯ ಟವರ್ ಎಂಬುದೂ ಮುಖ್ಯ. ಒಪ್ಪಂದವಿರುವ ಕಂಪನಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಆರಿಸಬೇಕಾದೀತು. ಒಂದು ದಿನ ಎಂದರೆ 24 ಗಂಟೆಯೋ, ಭಾರತದ ಮಧ್ಯರಾತ್ರಿಯವರೆಗೋ? ಎರಡನೆಯದಾದರೆ ಅಬುಧಾಬಿಯಲ್ಲಿ ರಾತ್ರಿ 10.30ಕ್ಕೇ ಆ ದಿನ ಮುಗಿಯುತ್ತದೆ. ಉಚಿತ ನಿಮಿಷಗಳು ಸಾಮಾನ್ಯವಾಗಿ ಅಲ್ಲಿಗೆ ಮತ್ತು ಭಾರತಕ್ಕೆ ಮಾತ್ರ, ಮೂರನೇ ದೇಶಕ್ಕೆ ಬಿಡಿ ದರ. ಮೂಲ ರೀಚಾರ್ಜಿನ ವ್ಯಾಲಿಡಿಟಿ ನಡುವೆ ಮುಗಿಯಬಾರದು. ಯುರೋಪಿಗೆ ಹೋಗುವವರಿಗೆ ಇನ್ನೊಂದು: 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದೊಳಗೆ ರೋಮಿಂಗ್ ಶುಲ್ಕವಿಲ್ಲ, ಜರ್ಮನಿಯ ಸಿಮ್ ಫ್ರಾನ್ಸಿನಲ್ಲೂ ಅದೇ ದರಕ್ಕೆ ನಡೆಯುತ್ತದೆ, ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ, ಹಾಗಾಗಿ ಅದು ಸೇರಿದೆಯೇ ಎಂದು ಬೇರೆಯಾಗಿ ನೋಡಿ. ವಿಮಾನದಲ್ಲಿ ಫ್ಲೈಟ್ ಮೋಡ್ ತೆಗೆಯಬೇಡಿ. ಕೆಲವು ವಿಮಾನಗಳೊಳಗೆ ಉಪಗ್ರಹದ ಮೂಲಕ ನಡೆಯುವ ಪ್ರತ್ಯೇಕ ನೆಟ್‌ವರ್ಕ್ ಇರುತ್ತದೆ, ಅದರ ದರ ನಿಮ್ಮ ಪ್ಯಾಕಿಗೆ ಹೊರಗಿರಬಹುದು.

ಎರಡನೇ ಸಲ ಅವ್ವ ಹೋದಾಗ ಮೊದಲ 10 ದಿನಕ್ಕೆ ಪ್ಯಾಕ್ ಹಾಕಿಸಿ, ರಸೀದಿಯ ಸಂದೇಶದಲ್ಲಿ ಪ್ಯಾಕಿನ ಹೆಸರು ನೋಡಿದ ಮೇಲೆಯೇ ಕಾರು ಹತ್ತಿದೆವು. ಫೋಟೊ ಬ್ಯಾಕಪ್ ‘ವೈಫೈ ಮಾತ್ರ’ ಎಂದಿಟ್ಟೆ. ಆಮೇಲಿನ ಎರಡು ತಿಂಗಳಿಗೆ ಅಕ್ಕ ಅಲ್ಲಿಯ ಸಿಮ್ ತಂದುಕೊಟ್ಟಳು, ಊರಿನ ಸಿಮ್ ಡೇಟಾ ಇಲ್ಲದೆ ಒಟಿಪಿಗೆ ಕಾದು ಕೂತಿತು. ಮರಳಿ ಮಟ್ಟನ್ನೂರಿನಲ್ಲಿ ಇಳಿದಾಗ ಪರದೆಯಲ್ಲಿ ಮತ್ತೆ ‘ಆರ್’. ಕೇರಳದ ಟವರ್; ಡೇಟಾ ರೋಮಿಂಗ್ ಇನ್ನೂ ಆಫ್ ಇದ್ದದ್ದರಿಂದ ಅವರ ಫೋನಿನಲ್ಲಿ ನೆಟ್ ಬರಲಿಲ್ಲ. ಅವ್ವ ತಾವೇ ಸೆಟ್ಟಿಂಗ್ಸ್ ತೆರೆದು ಅದನ್ನು ಆನ್ ಮಾಡಿ, ಇಲ್ಲಿ ಇದಕ್ಕೆ ದುಡ್ಡಿಲ್ಲವಲ್ಲ ಎಂದು ನನ್ನನ್ನು ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಅಕ್ಕನಿಗೆ ಕರೆ ಮಾಡಿದರು.